ಸ್ಟ್ರಾಬೆರಿ ಊರಿನ ಉದ್ಯಾನಗಳು

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್‌ನಿಂದ ಒಂದು ಸರೋವರ ದಾಟಿದರೆ ಸಿಗುವ ಊರು ಬೆಲ್‌ವ್ಯೂ. ಪಕ್ಕದ ರೆಡ್ಮಂಡ್‌ನಲ್ಲಿ ಮೈಕ್ರೋಸಾಫ್ಟ್ ಇರುವುದರಿಂದ ಇಲ್ಲಿ ಕನ್ನಡದ ಮನೆಗಳು ಬೇಕಾದಷ್ಟಿವೆ. ಬಾಣಂತನಕ್ಕೆಂದು ಬರುವ ಅಮ್ಮಂದಿರು, ಮೊಮ್ಮಕ್ಕಳನ್ನು ನೋಡಿಕೊಳ್ಳಲು ಬರುವ ಅಜ್ಜ-ಅಜ್ಜಿಯರು ಆರಾರು ತಿಂಗಳು ಇದ್ದು ಹೋಗುತ್ತಾರೆ. ಅವರಿಗೆ ಊರು ತೋರಿಸುವ ಕ್ರಮ ಎಲ್ಲ ಮನೆಗಳಲ್ಲೂ ಹೆಚ್ಚುಕಡಿಮೆ ಒಂದೇ. ಮೊದಲ ಶನಿವಾರ ಬೆಲ್‌ವ್ಯೂ ಸ್ಕ್ವೇರ್ ಮಾಲ್, ಮುಂದಿನ ವಾರ ಸಿಯಾಟಲ್‌ನ ಸ್ಪೇಸ್ ನೀಡಲ್, ಅದರ ಮುಂದಿನ ವಾರ ಸ್ನೋಕ್ವಾಲ್ಮಿ ಜಲಪಾತ. ಅಷ್ಟಕ್ಕೆ ಪಟ್ಟಿ ಮುಗಿಯುತ್ತದೆ. ವಾರದ ದಿನಗಳಲ್ಲಿ ಮಕ್ಕಳು ಆಫೀಸಿಗೆ ಹೋದ ಮೇಲೆ, ಕಾರು ಓಡಿಸಲು ಬಾರದ ಹಿರಿಯರಿಗೆ ಉಳಿಯುವುದು ಸೋಫಾ ಮತ್ತು ಕಿಟಕಿ.

ಇದು ನನಗೆ ಬೇಸರ ತರುವ ಸಂಗತಿ. ಏಕೆಂದರೆ ಬೆಲ್‌ವ್ಯೂವಿನಲ್ಲಿ ನಿಜವಾಗಿ ನೋಡುವಂಥವೆಲ್ಲ ನಡೆದೋ, ರೈಲು ಅಥವಾ ಬಸ್ಸು ಹತ್ತಿಯೋ ತಲುಪಬಹುದಾದ ಕಡೆಯೇ ಇವೆ. ಹೆಚ್ಚಿನವಕ್ಕೆ ಟಿಕೆಟ್ಟೂ ಇಲ್ಲ. ‘ಉದ್ಯಾನದೊಳಗಿನ ನಗರ’ ಎಂದು ಕರೆದುಕೊಳ್ಳುವ ಊರು ಇದು. ಮಾಲ್‌ಗಳಲ್ಲಿ ಇಂದಿನ ಬೆಲ್‌ವ್ಯೂ ಕಾಣುತ್ತದೆ. ಅದಕ್ಕೆ ಮುಂಚೆ ಇಲ್ಲಿ ಏನಿತ್ತು ಎಂಬುದೆಲ್ಲ ಉದ್ಯಾನಗಳಲ್ಲಿ ಉಳಿದಿದೆ. ಜೌಗು, ಹಣ್ಣಿನ ಹೊಲ, ಹಾಲಿನ ಕೊಟ್ಟಿಗೆ, ಕಲ್ಲಿದ್ದಲ ಕಣಿವೆ, ತಿಮಿಂಗಿಲ ಬೇಟೆಯವರ ಹಡಗುಕಟ್ಟೆ. ಇವು ಹೇಗೆ ಉಳಿದವು ಎಂದು ತಿಳಿದು ನೋಡಿದರೆ ಆರು ತಿಂಗಳೂ ಸಾಲುವುದಿಲ್ಲ.

ಮಾಲ್‌ನಿಂದಲೇ ಶುರು ಮಾಡೋಣ. ಹೇಗೂ ಎಲ್ಲರೂ ಮೊದಲು ಹೋಗುವುದು ಅಲ್ಲಿಗೇ. ಬೆಲ್‌ವ್ಯೂ ಸ್ಕ್ವೇರ್ ತೆರೆದದ್ದು 1946ರಲ್ಲಿ. ಬೆಲ್‌ವ್ಯೂ ಆಗಿನ್ನೂ ನಗರವೇ ಆಗಿರಲಿಲ್ಲ. ಅದಕ್ಕೆ ನಗರದ ಪಟ್ಟ ಸಿಕ್ಕಿದ್ದು 1953ರಲ್ಲಿ. ಇಲ್ಲಿ ಊರಿಗಿಂತ ಮೊದಲು ಅಂಗಡಿ ಬಂತು. ಕೆಂಪರ್ ಫ್ರೀಮನ್ ಎಂಬ ಉದ್ಯಮಿ ಕಟ್ಟಿದ ಆ ವ್ಯಾಪಾರಕೇಂದ್ರ ಮೊದಲಿಗೆ ಬಯಲಲ್ಲಿ ಸಾಲಾಗಿ ನಿಂತ ಮಳಿಗೆಗಳಷ್ಟೇ ಆಗಿತ್ತು. ಸಿಯಾಟಲ್‌ನ ಹೆಸರಾಂತ ಫ್ರೆಡರಿಕ್ ಅಂಡ್ ನೆಲ್ಸನ್ ಅಂಗಡಿ ತನ್ನ ಮೊದಲ ಹೊರವಲಯದ ಶಾಖೆಯನ್ನು ತೆರೆದದ್ದು ಇಲ್ಲೇ. ಮರುವರ್ಷ, 1947ರಲ್ಲಿ, ಅಂಗಡಿಗಳ ಮುಂದೆಯೇ ಒಂದು ಕಲಾ ಮೇಳ ಆರಂಭವಾಯಿತು. ಅದು ಬೇಸಿಗೆಯಲ್ಲಿ ಜುಲೈ ಕೊನೆಗೆ ನಡೆಯುವ ಸಂಪ್ರದಾಯವಾಗಿ ಬೆಳೆಯಿತು. ಆ ಮೇಳದ ಬೇರಿನಿಂದ ಹುಟ್ಟಿದ ಬೆಲ್‌ವ್ಯೂ ಕಲಾ ವಸ್ತುಸಂಗ್ರಹಾಲಯ ಹಣದ ಮುಗ್ಗಟ್ಟಿನಿಂದ 2024ರಲ್ಲಿ ಬಾಗಿಲು ಹಾಕಿದ್ದು ಮಾತ್ರ ಊರಿಗೆ ದೊಡ್ಡ ನಷ್ಟ. ಇಷ್ಟು ಸಂಪತ್ತು ಇರುವ ನಗರಕ್ಕೆ ಒಂದು ಕಲಾಮಂದಿರವನ್ನು ಸಾಕಲಾಗಲಿಲ್ಲವೇ ಎಂದು ಆ ಕಟ್ಟಡದ ಮುಂದೆ ಹಾಯುವಾಗಲೆಲ್ಲ ಅನ್ನಿಸುತ್ತದೆ.

ಇನ್ನು ಮಾಲ್ ಬರುವ ಮುಂಚಿನ ಕಥೆ. ಅದು ತಿಳಿಯದೆ ಬೆಲ್‌ವ್ಯೂ ಅರ್ಥವಾಗುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮರದ ಕಂಪನಿಗಳು ಇಲ್ಲಿನ ದಟ್ಟ ಕಾಡನ್ನು ಕಡಿದು ಸಾಗಿಸಿದವು. ಉಳಿದದ್ದು ಬೊಡ್ಡೆಗಳು. ಒಂದೊಂದೂ ಆಳೆತ್ತರದ, ನೆಲದಾಳಕ್ಕೆ ಬೇರು ಬಿಟ್ಟ ಬೊಡ್ಡೆ. ಅವನ್ನು ಡೈನಮೈಟ್ ಇಟ್ಟು ಸಿಡಿಸಿ, ಕುದುರೆ ಕಟ್ಟಿ ಎಳೆದು, ನೆಲವನ್ನು ಹೊಲ ಮಾಡಿದವರಲ್ಲಿ ಮುಖ್ಯರು ಜಪಾನಿನಿಂದ ಬಂದ ರೈತರು. ನೆಲ ಹಸನು ಮಾಡಿಕೊಟ್ಟರೆ ಕೆಲವು ವರ್ಷ ಅದರಲ್ಲಿ ಬೆಳೆ ತೆಗೆದುಕೊಳ್ಳಬಹುದು ಎಂಬ ಕರಾರಿನ ಮೇಲೆ ಎಷ್ಟೋ ಕುಟುಂಬಗಳು ದುಡಿದವು. ಅವಧಿ ಮುಗಿದರೆ ಮತ್ತೊಂದು ಬೊಡ್ಡೆಗಾಡು. ಅಮೆರಿಕದ ಕಾನೂನು ಅವರಿಗೆ ಪೌರತ್ವ ಕೊಡುತ್ತಿರಲಿಲ್ಲ. 1921ರ ವಾಷಿಂಗ್ಟನ್ ರಾಜ್ಯದ ಭೂ ಕಾಯ್ದೆ ಪೌರತ್ವ ಪಡೆಯಲಾರದವರು ಜಮೀನು ಕೊಳ್ಳುವುದನ್ನೂ ಗೇಣಿಗೆ ಹಿಡಿಯುವುದನ್ನೂ ನಿಷೇಧಿಸಿತು. ಹಾಗಾಗಿ ಇಲ್ಲೇ ಹುಟ್ಟಿದ, ಹುಟ್ಟಿನಿಂದಲೇ ಪ್ರಜೆಗಳಾದ ಮಕ್ಕಳ ಹೆಸರಿನಲ್ಲಿ ಕಾಗದ ಮಾಡಿಸಿ ಬೇಸಾಯ ನಡೆಸಿದವರೂ ಇದ್ದರು.

ಅವರು ಬೆಳೆದ ಸ್ಟ್ರಾಬೆರಿ ಊರಿಗೆ ಹೆಸರು ತಂದಿತು. 1925ರಲ್ಲಿ ಸ್ಟ್ರಾಬೆರಿ ಹಬ್ಬ ಶುರುವಾಯಿತು. ಸರೋವರದಾಚೆಯಿಂದ ಸಾವಿರಾರು ಜನ ಅದಕ್ಕೆಂದೇ ಬರುತ್ತಿದ್ದರು. ಇಂದು ಪ್ರವಾಸಿಗರು ಮುಗಿಬೀಳುವ ಸಿಯಾಟಲ್‌ನ ಪೈಕ್ ಪ್ಲೇಸ್ ಮಾರುಕಟ್ಟೆಯಲ್ಲೂ ಯುದ್ಧಕ್ಕೆ ಮುಂಚೆ ಮಾರಲು ಕೂರುತ್ತಿದ್ದ ರೈತರಲ್ಲಿ ಹೆಚ್ಚಿನವರು ಜಪಾನಿಯರೇ.

1940ರ ಜುಲೈನಲ್ಲಿ ವಾಷಿಂಗ್ಟನ್ ಸರೋವರಕ್ಕೆ ತೇಲುವ ಸೇತುವೆ ಬಂತು. ಸರೋವರ 200 ಅಡಿಗೂ ಹೆಚ್ಚು ಆಳ, ತಳವೆಲ್ಲ ಮೆತ್ತನೆಯ ಕೆಸರು. ಕಂಬ ನಿಲ್ಲಿಸುವುದು ಕಷ್ಟವಾದ್ದರಿಂದ ಟೊಳ್ಳಾದ ಕಾಂಕ್ರೀಟ್ ಪೆಟ್ಟಿಗೆಗಳನ್ನು ನೀರ ಮೇಲೆ ತೇಲಿಬಿಟ್ಟು, ಲಂಗರು ಹಾಕಿ, ಅವುಗಳ ಮೇಲೆಯೇ ರಸ್ತೆ ಮಾಡಿದರು. ದೋಣಿ ಕಾಯಬೇಕಿದ್ದ ಊರು ಒಮ್ಮೆಗೇ ಸಿಯಾಟಲ್‌ನ ಮಗ್ಗುಲಿಗೆ ಬಂತು, ಹೊಲದ ಬೆಲೆ ಸೈಟಿನ ಬೆಲೆಯಾಯಿತು. ಅದರ ಬೆನ್ನಿಗೇ ಪರ್ಲ್ ಹಾರ್ಬರ್ ಮೇಲೆ ಜಪಾನಿನ ದಾಳಿ. 1942ರ ಫೆಬ್ರುವರಿ 19ರಂದು ಜಪಾನಿ ಮೂಲದವರನ್ನು ಸ್ಥಳಾಂತರಿಸಲು ದಾರಿ ಮಾಡಿದ 9066ನೆಯ ಆದೇಶಕ್ಕೆ ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದರು. ಅದೇ ವರ್ಷದ ಮೇ ತಿಂಗಳಲ್ಲಿ ಬೆಲ್‌ವ್ಯೂವಿನ ಜಪಾನಿ ಕುಟುಂಬಗಳನ್ನು ಪಕ್ಕದ ಕರ್ಕ್‌ಲ್ಯಾಂಡ್ ನಿಲ್ದಾಣದಲ್ಲಿ ರೈಲು ಹತ್ತಿಸಿ ಕ್ಯಾಲಿಫೋರ್ನಿಯಾದ ಪೈನ್‌ಡೇಲ್‌ಗೆ, ಅಲ್ಲಿಂದ ಟೂಲಿ ಲೇಕ್ ಬಂಧನ ಶಿಬಿರಕ್ಕೆ ಕಳಿಸಿದರು. ಇಲ್ಲಿ ಸ್ಟ್ರಾಬೆರಿ ಕೆಂಪಾಗುವುದು ಜೂನ್‌ನಲ್ಲಿ. ಬೆಳೆ ಕೈಗೆ ಬರುವ ಹೊತ್ತಿಗೆ ಬೆಳೆದವರು ಮುಳ್ಳುತಂತಿಯ ಒಳಗಿದ್ದರು. ಹಬ್ಬ ನಿಂತುಹೋಯಿತು. ಯುದ್ಧ ಮುಗಿದ ಮೇಲೆ ಮರಳಿದ ಕುಟುಂಬಗಳು ಕೆಲವೇ. ಅಮೆರಿಕ ಸರ್ಕಾರ ತಪ್ಪೊಪ್ಪಿಕೊಂಡು, ಬದುಕುಳಿದವರಿಗೆ ತಲಾ 20,000 ಡಾಲರ್ ಪರಿಹಾರ ಕೊಡುವ ಕಾಯ್ದೆ ಮಾಡಿದ್ದು 1988ರಲ್ಲಿ.

ಮಾಲ್ ಕಟ್ಟಿದ ಕೆಂಪರ್ ಫ್ರೀಮನ್‌ರ ತಂದೆ ಮಿಲ್ಲರ್ ಫ್ರೀಮನ್, ವಾಷಿಂಗ್ಟನ್ ರಾಜ್ಯದ ಜಪಾನಿ ವಿರೋಧಿ ಸಂಘದ ಸ್ಥಾಪಕರು. ಇದು ಗುಟ್ಟಿನ ವಿಷಯವಲ್ಲ. ಪತ್ರಕರ್ತ ಡೇವಿಡ್ ನೈವರ್ಟ್ ‘ಸ್ಟ್ರಾಬೆರಿ ಡೇಸ್’ ಎಂಬ ಪುಸ್ತಕದಲ್ಲಿ ಇಡೀ ಇತಿಹಾಸವನ್ನು ಬರೆದಿದ್ದಾರೆ. ಮಾಲ್‌ಗೆ ಹೋಗಬೇಡಿ ಎನ್ನುವುದಕ್ಕೆ ಇದನ್ನು ಹೇಳುತ್ತಿಲ್ಲ. ಚಳಿಗಾಲದಲ್ಲಿ ಸಂಜೆ ಹೊತ್ತು ಮಾಲ್ ಮುಂದಿನ ಬೀದಿಯಲ್ಲಿ ನಡೆಯುವ ಸ್ನೋಫ್ಲೇಕ್ ಲೇನ್ ಮೆರವಣಿಗೆಯನ್ನು ಮೊಮ್ಮಕ್ಕಳ ಕೈಹಿಡಿದು ನೋಡಲೇಬೇಕು: ಡೋಲು ಬಾರಿಸುವ ಬೊಂಬೆವೇಷದವರು, ಮೇಲಿನಿಂದ ಉದುರುವ ಕೃತಕ ಹಿಮ. ಆದರೆ ವಲಸೆ ಬಂದವರ ಬೆವರಿನ ಮೇಲೆ ಈ ಊರು ಎದ್ದಿದೆ ಎಂಬುದು, ಇಂದು ವೀಸಾ ಹಿಡಿದು ಇಲ್ಲಿ ಮನೆ ಮಾಡಿರುವ ನಮ್ಮ ಮಕ್ಕಳಿಗೆ ಗೊತ್ತಿರಬೇಕು. ಈಗಿನ ಬೆಲ್‌ವ್ಯೂವಿನ ಐವರು ನಿವಾಸಿಗಳಲ್ಲಿ ಇಬ್ಬರು ಹುಟ್ಟಿದ್ದು ಅಮೆರಿಕದ ಹೊರಗೆ.

ಮಾಲ್‌ನ ದಕ್ಷಿಣದ ಬಾಗಿಲಿನಿಂದ ಹೊರಬಂದು ರಸ್ತೆ ದಾಟಿದರೆ ಡೌನ್‌ಟೌನ್ ಪಾರ್ಕ್. ಈ ಊರು ಮಾಡಿದ ಅತ್ಯಂತ ಒಳ್ಳೆಯ ತೀರ್ಮಾನ ಇದು ಎಂದು ನಾನು ನಂಬಿದ್ದೇನೆ. ಊರಿನ ನಟ್ಟನಡುವೆ ಶಾಲೆಯ 17 ಎಕರೆ ಜಾಗ ಮಾರಾಟಕ್ಕೆ ಬಂದಾಗ, 1983ರಲ್ಲಿ, ನಗರಸಭೆ ಅದನ್ನು ಕೊಂಡುಕೊಂಡಿತು. ಸುತ್ತ ಗಗನಚುಂಬಿಗಳು ಏಳುತ್ತಿದ್ದ ಕಾಲ ಅದು. ಸೈಟು ಮಾಡಿ ಹಂಚಿದ್ದರೆ ಬೊಕ್ಕಸ ತುಂಬುತ್ತಿತ್ತು. ವಿನ್ಯಾಸಕ್ಕೆ ಸ್ಪರ್ಧೆ ನಡೆಸಿ, ನಾಗರಿಕರು ವಂತಿಗೆ ಎತ್ತಿ, ಹಂತಹಂತವಾಗಿ ಕೆಲಸ ಸಾಗಿ, ನಡುವಿನ ದೊಡ್ಡ ವೃತ್ತ ಪೂರ್ತಿಯಾದದ್ದು 2017ರಲ್ಲಿ. ಅರ್ಧ ಮೈಲಿಯ ವೃತ್ತಾಕಾರದ ದಾರಿ. ಅದರ ಅಂಚಿಗೇ ಹರಿಯುವ ಕಾಲುವೆ. ಕಾಲುವೆ ಕೊನೆಗೆ 240 ಅಡಿ ಅಗಲದ ಜಲಪಾತವಾಗಿ ಕೊಳಕ್ಕೆ ಬೀಳುತ್ತದೆ. ದಾರಿ ಸಮತಟ್ಟು, ಮಂಡಿನೋವಿನವರಿಗೂ ತೊಂದರೆಯಿಲ್ಲ. ಬೆಳಿಗ್ಗೆ ಹೋದರೆ ಸೀರೆಯ ಮೇಲೆ ಜಾಕೆಟ್, ಕಾಲಿಗೆ ಬಿಳಿ ಶೂ ಹಾಕಿದ ಅಮ್ಮಂದಿರು ಸುತ್ತು ಹೊಡೆಯುತ್ತಿರುತ್ತಾರೆ. ಕನ್ನಡ ಕಿವಿಗೆ ಬಿದ್ದರೆ ಮಾತಾಡಿಸಿ, ಸಂಕೋಚ ಬೇಡ. ನೈರುತ್ಯದ ಮೂಲೆಯ ಆಟದ ಮೈದಾನವನ್ನು ಗಾಲಿಕುರ್ಚಿಯ ಮಕ್ಕಳೂ ಆಡುವಂತೆ ಕಟ್ಟಿದ್ದಾರೆ. ಮೊದಲ ಮಹಾಯುದ್ಧದಲ್ಲಿ ಮಡಿದ ಈ ಊರಿನ ಮೂವರು ಹುಡುಗರ ನೆನಪಿಗೆ ನೆಟ್ಟ ಎಲ್ಮ್ ಮರಗಳೂ ಇದೇ ಪಾರ್ಕಿನ ಭಾಗ.

ಪಾರ್ಕಿನ ದಕ್ಷಿಣಕ್ಕೆ ಹಳೆಯ ಮೇನ್ ಸ್ಟ್ರೀಟ್. ಅದರಲ್ಲಿ ಪಶ್ಚಿಮಕ್ಕೆ ಸ್ವಲ್ಪ ನಡೆದರೆ ಮೈಡೆನ್‌ಬಾವರ್ ಕೊಲ್ಲಿಯ ಪಾರ್ಕು, ಬಿಲ್ಲಿನಂತೆ ಬಾಗಿದ ಕಟ್ಟೆ. ಇಲ್ಲಿ ಒಂದು ಕಾಲಕ್ಕೆ ತಿಮಿಂಗಿಲ ಬೇಟೆಯ ಹಡಗುಗಳು ಚಳಿಗಾಲ ಕಳೆಯುತ್ತಿದ್ದವು. ಬೇಸಿಗೆಯಲ್ಲಿ ಅಲಾಸ್ಕಾದ ಕಡಲಲ್ಲಿ ಬೇಟೆ, ಚಳಿಗೆ ಇಲ್ಲಿ ವಿಶ್ರಾಂತಿ. ಸಮುದ್ರ ಬಿಟ್ಟು ಸರೋವರಕ್ಕೆ ಏಕೆ ಬರುತ್ತಿದ್ದವು? ಹಡಗಿನ ತಳಕ್ಕೆ ಅಂಟಿ ಬೆಳೆಯುವ ಕಡಲ ಚಿಪ್ಪುಜೀವಿಗಳು ಸಿಹಿನೀರಿನಲ್ಲಿ ಸತ್ತು ಉದುರುತ್ತವೆ. ಕೆರೆಯುವ ಖರ್ಚು ಉಳಿಯಿತು.

ಸಮುದ್ರದ ಹಡಗು ಸರೋವರಕ್ಕೆ ಬರಲು ಸಾಧ್ಯವಾದದ್ದು ಒಂದು ಕಾಲುವೆಯಿಂದ. ಅದೇ ಕಾಲುವೆ ಬೆಲ್‌ವ್ಯೂವಿನ ನಕ್ಷೆಯನ್ನೇ ಬದಲಿಸಿತು. 1916ರಲ್ಲಿ ಸಿಯಾಟಲ್‌ನ ಮಾಂಟ್‌ಲೇಕ್ ಬಳಿ ನೆಲ ಸೀಳಿ, ವಾಷಿಂಗ್ಟನ್ ಸರೋವರವನ್ನು ಪಕ್ಕದ ಯೂನಿಯನ್ ಸರೋವರಕ್ಕೆ ಕೂಡಿಸಿದರು. ಅಲ್ಲಿಂದ ಮುಂದೆ, ನೀರಿನ ಮಟ್ಟವನ್ನು ಏರಿಳಿಸುವ ಲಾಕ್ ಗೇಟುಗಳ ಮೂಲಕ ಕಡಲಿಗೆ ದಾರಿ. ಎತ್ತರದಲ್ಲಿದ್ದ ದೊಡ್ಡ ಸರೋವರದ ಮಟ್ಟ ಸುಮಾರು 9 ಅಡಿ ಕುಸಿಯಿತು. ದಕ್ಷಿಣಕ್ಕೆ ಹರಿಯುತ್ತಿದ್ದ ಬ್ಲ್ಯಾಕ್ ನದಿ ಬತ್ತಿಹೋಯಿತು, ಸುತ್ತಲ ದಡದಲ್ಲೆಲ್ಲ ಹೊಸ ನೆಲ ಮೇಲೆದ್ದಿತು. ಬೆಲ್‌ವ್ಯೂವಿನ ದಕ್ಷಿಣಕ್ಕೆ ದೋಣಿ ಹೋಗುವಷ್ಟು ಆಳವಿದ್ದ ಹಿನ್ನೀರು ಜೌಗಾಯಿತು. ಅದೇ ಇಂದಿನ ಮರ್ಸರ್ ಸ್ಲೂ, 320 ಎಕರೆಯ ನಿಸರ್ಗಧಾಮ. ನನ್ನನ್ನು ಕೇಳಿದರೆ, ಬೆಲ್‌ವ್ಯೂವಿನಲ್ಲಿ ಒಂದೇ ಒಂದು ಜಾಗ ನೋಡಲು ಸಮಯವಿದ್ದರೆ ಇದನ್ನೇ ನೋಡಿ ಎನ್ನುತ್ತೇನೆ.

2024ರ ಏಪ್ರಿಲ್‌ನಲ್ಲಿ ನಗರ ರೈಲು ಆರಂಭವಾದ ಮೇಲೆ ಇಲ್ಲಿಗೆ ಬರುವುದು ಬಹಳ ಸುಲಭ. ಸೌತ್ ಬೆಲ್‌ವ್ಯೂ ನಿಲ್ದಾಣದಲ್ಲಿ ಇಳಿದರೆ ಜೌಗಿನ ಅಂಚಿನಲ್ಲೇ ಇರುತ್ತೀರಿ. ಒಂದೆಡೆ ಹೆದ್ದಾರಿಯ ಸದ್ದು, ಇನ್ನೊಂದೆಡೆ ಕಚೇರಿ ಕಟ್ಟಡಗಳ ಗಾಜು. ಹತ್ತು ನಿಮಿಷ ಒಳಗೆ ನಡೆದರೆ ಆಲ್ಡರ್, ವಿಲ್ಲೋ ಮರಗಳು ಎರಡನ್ನೂ ಮರೆಮಾಡುತ್ತವೆ. ಕೆಸರಿನ ಮೇಲೆ ಮರದ ಹಲಗೆ ಹಾಸಿ ದಾರಿ ಮಾಡಿದ್ದಾರೆ. ಹೆಜ್ಜೆಯಿಟ್ಟರೆ ಕಾಲಡಿಯಲ್ಲಿ ಸಣ್ಣಗೆ ಕುಲುಕುತ್ತದೆ. ಬಗ್ಗಿ ನೋಡಿ, ಹಲಗೆಯ ಪಕ್ಕದಲ್ಲೇ ಮರದ ಬುಡವೊಂದು ಪೆನ್ಸಿಲ್ ಚೂಪು ಮಾಡಿದ ಹಾಗೆ ಕೊರೆದು ನಿಂತಿರುತ್ತದೆ. ಅದು ಬೀವರ್ ಎಂಬ ಪ್ರಾಣಿಯ ಹಲ್ಲಿನ ಕೆಲಸ. ಚೂರುಗಳು ಹಸಿಯಾಗಿ, ಬೆಳ್ಳಗೆ ಬಿದ್ದಿದ್ದರೆ ಈಚೆಗಷ್ಟೇ ಕಡಿದು ಹೋಗಿದೆ ಎಂದರ್ಥ. ವಸಂತದ ಆರಂಭದಲ್ಲಿ ಸ್ಕಂಕ್ ಕ್ಯಾಬೇಜ್ ಎಂಬ ಕೆಸುವಿನ ಜಾತಿಯ ಗಿಡ ಹಳದಿ ಹೂವು ಬಿಟ್ಟು ಇಡೀ ಕೆಸರನ್ನು ಬೆಳಗುತ್ತದೆ. ನಮ್ಮ ಮಲೆನಾಡಿನವರಿಗೆ ಎಲೆ ನೋಡಿದ ಕೂಡಲೇ ಪತ್ರೊಡೆ ನೆನಪಾದೀತು, ಆದರೆ ಕೈ ಹಾಕಬೇಡಿ. ಸಾಲ್ಮನ್ ಮೀನುಗಳು ಕಡಲಿನಿಂದ ಹಿಂದಿರುಗುವಾಗ ಲಾಕ್‌ಗಳನ್ನು ಏರಿ, ಸರೋವರ ದಾಟಿ, ಇದೇ ಜೌಗಿನ ಕಾಲುವೆ ಹಿಡಿದು ಕೆಲ್ಸಿ ತೊರೆಗೆ ಹೋಗಿ ಮೊಟ್ಟೆಯಿಡುತ್ತವೆ.

ಜೌಗಿಗೂ ಬ್ಲೂಬೆರಿಗೂ ಇರುವ ನಂಟನ್ನು ಇಲ್ಲಿ ಕಣ್ಣಾರೆ ಕಾಣಬಹುದು. ನೀರು ನಿಂತ ನೆಲದಲ್ಲಿ ಗಾಳಿಯಾಡದೆ ಸತ್ತ ಗಿಡಗಳು ಪೂರ್ತಿ ಕೊಳೆಯುವುದಿಲ್ಲ. ಸಾವಿರಾರು ವರ್ಷ ಪದರದ ಮೇಲೆ ಪದರ ಕೂತು ಕಪ್ಪಗಿನ, ಸ್ಪಂಜಿನಂಥ ಪೀಟ್ ಮಣ್ಣಾಗುತ್ತದೆ. ಆಮ್ಲ ಹೆಚ್ಚಿರುವ ಈ ಮಣ್ಣಿನಲ್ಲಿ ಬಹುತೇಕ ಬೆಳೆಗಳು ಏಳುವುದಿಲ್ಲ, ಬ್ಲೂಬೆರಿಗೆ ಮಾತ್ರ ಅದೇ ಬೇಕು. ಸರೋವರ ಇಳಿದು ಪೀಟ್ ಮೇಲೆದ್ದ ಮೇಲೆ, 1930ರ ದಶಕದಲ್ಲಿ, ಇಲ್ಲಿ ಬ್ಲೂಬೆರಿ ನೆಟ್ಟರು. ಊರಿನ ಪೂರ್ವಕ್ಕೆ ಲೇಕ್ ಹಿಲ್ಸ್ ಹಸಿರುಪಟ್ಟಿಯಲ್ಲಿ, ಲಾರ್ಸನ್ ಸರೋವರದ ಬದಿಯಲ್ಲೂ ಅಂಥದೇ ತೋಟ. ಎರಡೂ ಈಗ ನಗರಸಭೆಯ ಸ್ವತ್ತು. ಉದ್ಯಾನವೆಂದು ಕೊಂಡ ಮೇಲೂ ಹೊಲವನ್ನು ಕಿತ್ತು ಹುಲ್ಲುಹಾಸು ಮಾಡದೆ ಹೊಲವಾಗಿಯೇ ಉಳಿಸಿದ್ದನ್ನು ಎಷ್ಟು ಮೆಚ್ಚಿದರೂ ಸಾಲದು.

ಜುಲೈನಿಂದ ಬೇಸಿಗೆ ಮುಗಿಯುವವರೆಗೆ ನಾವೇ ಹಣ್ಣು ಕಿತ್ತು, ತೂಕ ಮಾಡಿಸಿ, ದುಡ್ಡು ಕೊಟ್ಟು ತರಬಹುದು. ಮೊದಲ ಸಲ ಹೋಗುವವರು ನೀಲಿ ಬಣ್ಣ ಕಂಡ ಕೂಡಲೇ ಕೀಳುತ್ತಾರೆ, ಮನೆಗೆ ಬಂದು ಹುಳಿ ಎನ್ನುತ್ತಾರೆ. ಗೊಂಚಲನ್ನು ತಿರುಗಿಸಿ ತೊಟ್ಟಿನ ಸುತ್ತ ನೋಡಬೇಕು. ಅಲ್ಲಿ ಕೆಂಪು ಛಾಯೆ ಉಳಿದಿದ್ದರೆ ಇನ್ನೂ ಕಾಯಬೇಕು. ಮಾಗಿದ ಹಣ್ಣಿನ ಮೇಲೆ ಬೂದಿ ಸವರಿದಂಥ ತೆಳು ಪುಡಿ ಇರುತ್ತದೆ; ಹೆಬ್ಬೆರಳಿನಿಂದ ಮೆಲ್ಲಗೆ ಉರುಳಿಸಿದರೆ ತಾನಾಗಿ ಅಂಗೈಗೆ ಬೀಳುತ್ತದೆ. ಎಳೆಯಬೇಕಾಗಿ ಬಂದರೆ ಅದು ಹಣ್ಣಾಗಿಲ್ಲ. ಹಳೆಯ ಗಿಡಗಳು ಆಳೆತ್ತರ ಇರುವುದರಿಂದ ಹಿರಿಯರಿಗೆ ಬಗ್ಗುವ ಕಷ್ಟವಿಲ್ಲ. ಹಳ್ಳಿಯಲ್ಲಿ ಬೆಳೆದು, ಇಲ್ಲಿ ಬಂದು ನಾಲ್ಕು ಗೋಡೆ ನೋಡಿ ಬೇಸತ್ತ ಅಪ್ಪ-ಅಮ್ಮಂದಿರಿಗೆ ಕೈಗೆ ಕೆಲಸ ಸಿಗುವ ಜಾಗ ಇದು. ಡಬ್ಬ ತುಂಬಿದ ಮೇಲೂ ಅವರು ಗಿಡ ಬಿಟ್ಟು ಏಳುವುದಿಲ್ಲ.

ಬೆಲ್‌ವ್ಯೂ ಬೊಟಾನಿಕಲ್ ಗಾರ್ಡನ್ ಹುಟ್ಟಿದ್ದು ಒಂದು ದಂಪತಿಯ ಔದಾರ್ಯದಿಂದ. ಕ್ಯಾಲ್ ಮತ್ತು ಹ್ಯಾರಿಯೆಟ್ ಶಾರ್ಟ್ಸ್ ತಮ್ಮ ಮನೆ ಮತ್ತು ತೋಟವನ್ನು ನಗರಕ್ಕೆ ದಾನ ಕೊಟ್ಟರು. 1992ರಲ್ಲಿ ತೆರೆದ ಉದ್ಯಾನ ಈಗ 53 ಎಕರೆಗೆ ಬೆಳೆದಿದೆ, ಪ್ರವೇಶ ಉಚಿತ. ಕಂದರದ ಮೇಲೆ ಮರಗಳ ಬೇರಿಗೆ ಪೆಟ್ಟಾಗದಂತೆ 150 ಅಡಿಯ ತೂಗುಸೇತುವೆ ಹಾಕಿದ್ದಾರೆ. ಜಪಾನಿನ ಯಾವೋ ನಗರ ಬೆಲ್‌ವ್ಯೂವಿನ ಸೋದರಿ ನಗರ. ಅದರ ಹೆಸರಿನ ಯಾವೋ ತೋಟವೂ ಇಲ್ಲಿದೆ. 1942ರ ಕಥೆ ತಿಳಿದವರು ಅದರ ಕಲ್ಲು, ಮೇಪಲ್‌ಗಳ ನಡುವೆ ಸ್ವಲ್ಪ ಹೊತ್ತು ಕೂರುತ್ತಾರೆ. ಚಳಿಗಾಲದಲ್ಲಿ ದೀಪಗಳನ್ನೇ ಹೂವಿನ ಆಕಾರಕ್ಕೆ ಹೆಣೆದು ಇಡೀ ತೋಟ ಬೆಳಗಿಸುವ ಗಾರ್ಡನ್ ಡಿ-ಲೈಟ್ಸ್‌ಗೆ ಮಾತ್ರ ಟಿಕೆಟ್ ಇದೆ.

ಕೆಲ್ಸಿ ಕ್ರೀಕ್ ಫಾರ್ಮ್ ಚಿಕ್ಕ ಮಕ್ಕಳಿರುವ ಮನೆಗೆ ಹೇಳಿ ಮಾಡಿಸಿದ್ದು. ಹಳೆಯ ಹಾಲಿನ ಡೇರಿಯ ಬಿಳಿ ಕೊಟ್ಟಿಗೆಗಳು, ಕುರಿ, ಮೇಕೆ, ಗಿಡ್ಡ ಕುದುರೆ, ಜೊತೆಗೆ 1888ರ ಒಂದು ಮರದ ದಿಮ್ಮಿಯ ಮನೆ. ಗಟ್ಟಿ ಕಾಲಿನವರು ದಕ್ಷಿಣದ ಕೋಲ್ ಕ್ರೀಕ್ ಕಣಿವೆಯಲ್ಲಿ ನಡೆಯಬಹುದು. 1860ರ ದಶಕದಿಂದ ನೂರು ವರ್ಷ ಕಲ್ಲಿದ್ದಲು ತೆಗೆದ ಕಣಿವೆಯ ಮೇಲೆ ಈಗ ಕಾಡು ಮತ್ತೆ ಕೂಡಿಕೊಂಡಿದೆ. ಊರಿನ ವಿಲ್ಬರ್ಟನ್ ಬಡಾವಣೆಯಲ್ಲಿ 1904ರ ಮರದ ರೈಲು ಸೇತುವೆ ನಿಂತಿದೆ: 975 ಅಡಿ ಉದ್ದ, 102 ಅಡಿ ಎತ್ತರ. ಜಪಾನಿ ರೈತರ ಹಣ್ಣು-ತರಕಾರಿ ಹೊರಗಿನ ಊರುಗಳಿಗೆ ಹೋಗುತ್ತಿದ್ದದ್ದು ಈ ಮಾರ್ಗದಲ್ಲೇ. ಅವರನ್ನು ರೈಲು ಹತ್ತಿಸಿದ ಕರ್ಕ್‌ಲ್ಯಾಂಡ್ ನಿಲ್ದಾಣ ಇದ್ದದ್ದೂ ಇದೇ ಮಾರ್ಗದಲ್ಲೇ. ಹಳಿ ಕಿತ್ತು, ಆ ಮಾರ್ಗವನ್ನು ಈಸ್ಟ್‌ರೇಲ್ ಎಂಬ 42 ಮೈಲಿಯ ನಡಿಗೆ ಮತ್ತು ಸೈಕಲ್ ದಾರಿಯಾಗಿ ಮಾಡುತ್ತಿದ್ದಾರೆ.

ಅಂಗಡಿಯ ಮಾತಿಗೆ ಬಂದರೆ, ನನಗೆ ಬೆಲ್‌ವ್ಯೂ ಸ್ಕ್ವೇರ್‌ಗಿಂತ ಇಷ್ಟವಾಗುವುದು ಊರಿನ ಪೂರ್ವದ ಕ್ರಾಸ್‌ರೋಡ್ಸ್ ಮಾಲ್. ಹೊಳಪು ಕಡಿಮೆ, ಜನ ಹೆಚ್ಚು. ನೆಲದ ಮೇಲೇ ಹಾಸಿದ ಭಾರೀ ಚದುರಂಗದ ಮಣೆ, ಮಂಡಿಯೆತ್ತರದ ಕಾಯಿಗಳು. ಆಡುವವರು ಇಬ್ಬರು, ಸಲಹೆ ಕೊಡುವವರು ಹತ್ತು ಜನ. ಸುತ್ತ ನಾನಾ ದೇಶದ ಊಟದ ಅಂಗಡಿಗಳು. ಏನೂ ಕೊಳ್ಳದೆ ಗಂಟೆಗಟ್ಟಲೆ ಕೂತರೂ ಯಾರೂ ಏಳಿ ಎನ್ನುವುದಿಲ್ಲ. ನಗರಸಭೆ ಇಲ್ಲೇ ಒಂದು ಪುಟ್ಟ ಕಚೇರಿ ತೆರೆದು, ಇಂಗ್ಲಿಷ್ ಬಾರದವರಿಗೂ ಅವರವರ ಭಾಷೆಯಲ್ಲಿ ಮಾಹಿತಿ ಸಿಗುವ ವ್ಯವಸ್ಥೆ ಮಾಡಿದೆ. ಮಾಲ್ ಹೀಗೂ ಇರಬಹುದು.

ಬೆಲ್‌ವ್ಯೂವಿನಲ್ಲಿರುವ ಮಕ್ಕಳಿಗೆ ಕೆಲವು ಮಾತು. ಅಪ್ಪ-ಅಮ್ಮನನ್ನು ಕರೆಸುವುದಾದರೆ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಕರೆಸಿ. ಮಳೆ ಕಡಿಮೆ, ಜೂನ್‌ನಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತದೆ. ನವೆಂಬರ್ ನಂತರ ಸಂಜೆ ಐದಕ್ಕೆ ಮುಂಚೆಯೇ ಕತ್ತಲು, ಜಿಟಿಜಿಟಿ ಮಳೆ. ಬಂದ ವಾರದಲ್ಲೇ ಅವರಿಗೊಂದು ಓರ್ಕಾ ಕಾರ್ಡ್ ಮಾಡಿಸಿಕೊಡಿ. ಬಸ್ಸಿಗೂ ರೈಲಿಗೂ ಅದೇ ಸಾಕು. 65 ದಾಟಿದವರಿಗೆ ರಿಯಾಯಿತಿ ದರದ ಕಾರ್ಡ್ ಬೇರೆ ಇದೆ, ಮೊಮ್ಮಕ್ಕಳಿಗೆ ಪ್ರಯಾಣ ಉಚಿತ. ಒಂದೆರಡು ಸಲ ಜೊತೆಗೆ ಹೋಗಿ ಹತ್ತುವುದು-ಇಳಿಯುವುದು ತೋರಿಸಿ. ಆಮೇಲೆ ಅವರು ನಿಮ್ಮ ಶನಿವಾರಕ್ಕಾಗಿ ಕಾಯುವುದಿಲ್ಲ.